ಮಕ್ಕಳೊಡನೆ ಹಂಪೆಗೆ: ಯತ್ನಾಚಾರದ ಒಂದು ಪಾಠ

ಕೊಲ್ಲುವ ಉದ್ದೇಶವಿದ್ದಲ್ಲಿ ಮಾತ್ರ ಹಿಂಸೆಯುಂಟು ಎಂದು ಲೋಕದಲ್ಲಿ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ನಮ್ಮ ಆಗಮದ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ, ಎಂದರೆ ಎಚ್ಚರಗೇಡಿತನವನ್ನೇ, ಮುಂದಿಟ್ಟಿದ್ದಾರೆ. ಎಚ್ಚರದಿಂದ ನಡೆಯುವುದು ಯತ್ನಾಚಾರ. ಇದನ್ನು ಮಕ್ಕಳಿಗೆ ಪಾಠಶಾಲೆಯ ಚಾಪೆಯ ಮೇಲೆ ಕುಳ್ಳಿರಿಸಿ ಬಾಯಿಪಾಠ ಮಾಡಿಸಬಹುದು. ಆದರೆ ಬಾಯಿಗೆ ಬಂದದ್ದು ಕಾಲಿಗೂ ಕೈಗೂ ಇಳಿಯಬೇಕಾದರೆ ಬೇರೊಂದು ಸ್ಥಳ ಬೇಕು. ಅಂತಹ ಸ್ಥಳಗಳಲ್ಲಿ ಹಂಪೆಯೂ ಒಂದೆಂಬುದು ನನ್ನ ಅನುಭವ.

ನಮ್ಮ ಪಾಠಶಾಲೆಯ ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ವಿಚಾರ ಸಮಿತಿಯ ಮುಂದೆ ಬಂದಾಗ ಇಬ್ಬರು ಹಿರಿಯರು ಆಕ್ಷೇಪಿಸಿದರು. ಮೊದಲನೆಯವರು, ಹಂಪೆಯೇನು ನಮ್ಮ ಕ್ಷೇತ್ರವೇ, ಅಲ್ಲಿಯ ಜಿನಾಲಯಗಳಲ್ಲಿ ಬಿಂಬವಿಲ್ಲ, ಅಭಿಷೇಕವಿಲ್ಲ, ಧರ್ಮದ ಹಣವನ್ನು ವಿಹಾರಕ್ಕೆ ಏಕೆ ವ್ಯಯಿಸಬೇಕು ಎಂದರು. ಎರಡನೆಯವರ ಮಾತು ಇನ್ನೂ ತೂಕದ್ದಾಗಿತ್ತು. ಆ ಊರು ಈಗಾಗಲೇ ಜನರ ಕಾಲ್ತುಳಿತದಿಂದ ನಲುಗಿದೆ, ಓಡಾಡುವ ವಯಸ್ಸಿನ ಮಕ್ಕಳನ್ನು ಗುಂಪಾಗಿ ಒಯ್ದು ಅದರ ಭಾರವನ್ನು ಹೆಚ್ಚಿಸುವುದು ಅಹಿಂಸೆಯ ಹೆಸರನ್ನು ಹೇಳುವವರಿಗೆ ಸಲ್ಲುವುದೇ ಎಂದು ಅವರು ಕೇಳಿದರು. ಈ ಎರಡು ಪ್ರಶ್ನೆಗಳಿಗೂ ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಇತಿಹಾಸವೇ ಉತ್ತರಿಸುತ್ತದೆ. ಕಂಪ್ಲಿಯ ರಸ್ತೆಯ ಬಳಿ, ಭೀಮನ ಬಾಗಿಲಿಗೆ ಸಮೀಪದಲ್ಲಿ, ಜನರು ಗಾಣಗಿತ್ತಿ ಗುಡಿಯೆಂದು ಕರೆಯುವ ಒಂದು ಜಿನಾಲಯವಿದೆ. ಅದರ ಮುಂದಿನ ದೀಪಸ್ತಂಭದ ಶಾಸನವು ಶಕವರ್ಷ 1307ರದು; ಎಂದರೆ ಕ್ರಿ.ಶ. 1385ರ ಸುಮಾರಿನದು. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗಪ್ಪನು ಹದಿನೇಳನೆಯ ತೀರ್ಥಂಕರರಾದ ಕುಂಥುನಾಥ ಸ್ವಾಮಿಯ ಚೈತ್ಯಾಲಯವನ್ನು ಕಟ್ಟಿಸಿದುದನ್ನು ಅದು ತಿಳಿಸುತ್ತದೆ. ಈತ ಖಡ್ಗವನ್ನು ಹಿಡಿದಂತೆಯೇ ಲೇಖನಿಯನ್ನೂ ಹಿಡಿದವನು. ನಾನಾರ್ಥರತ್ನಮಾಲೆ ಎಂಬ ಸಂಸ್ಕೃತ ನಿಘಂಟು ಈತನ ಕೃತಿ. ಕಂಚಿಯ ಬಳಿಯ ತಿರುಪ್ಪರುತ್ತಿಕುನ್ರಂ ಜಿನಾಲಯದಲ್ಲಿ ಸಂಗೀತ ಮಂಟಪವನ್ನು ಕಟ್ಟಿಸಿದವನೂ ಈತನೇ. 1426ರಲ್ಲಿ ಎರಡನೆಯ ದೇವರಾಯನು ರಾಜಧಾನಿಯ ಅಡಕೆ ವೀಳ್ಯದೆಲೆಗಳ ಅಂಗಡಿಬೀದಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯವೊಂದನ್ನು ಕಲ್ಲಿನಲ್ಲಿ ಕಟ್ಟಿಸಿದನು. ಬೀದಿ ಹೋಯಿತು, ಅಂಗಡಿ ಹೋಯಿತು, ವ್ಯಾಪಾರಿಗಳೂ ಹೋದರು. ಚೈತ್ಯಾಲಯದ ಅವಶೇಷವೂ ಶಾಸನವೂ ಉಳಿದವು. ಜೀವನವೆಲ್ಲ ಅಂಗಡಿಯ ಗಾದಿಯ ಮೇಲೆ ಕುಳಿತವನಿಗೆ ಈ ಸಂಗತಿ ಹೇಳುವಷ್ಟನ್ನು ದೊಡ್ಡ ಪ್ರವಚನವೂ ಹೇಳಲಾರದು. ಬಿಂಬವಿಲ್ಲದ ಗರ್ಭಗೃಹದ ಮುಂದೆ ನಿಂತ ಮಗುವಿಗೆ ಅನಿತ್ಯ ಭಾವನೆಯನ್ನು ಬೋಧಿಸಲು ಶಬ್ದಗಳು ಹೆಚ್ಚು ಬೇಕಾಗುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಹಂಪೆಯ ಬಂಡೆಗಳನ್ನು ಕಂಡವರು ಇದನ್ನು ಯಾರು ಅಲುಗಿಸಬಲ್ಲರು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಬಹಳ ನಾಜೂಕಾದ ನಗರ. ಕಂಬಗಳು ಕಗ್ಗಲ್ಲಿನವಾದರೂ ಗೋಪುರಗಳು ಇಟ್ಟಿಗೆ ಮತ್ತು ಗಾರೆಯವು. ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯಲ್ಲಿರುವುದು ವರ್ಣಚಿತ್ರ. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಕ್ರಗಳು ಒಂದು ಕಾಲದಲ್ಲಿ ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ತಿರುಗಿಸಿ ಸವೆಸಿದ್ದರಿಂದ ಅವನ್ನು ಸಿಮೆಂಟು ಹಾಕಿ ನಿಲ್ಲಿಸಬೇಕಾಯಿತು. ಅಲ್ಲಿಯ ಸಂಗೀತದ ಕಂಬಗಳನ್ನು ಬಡಿದು ನಾದವನ್ನು ಕೇಳುವ ಚಪಲಕ್ಕೂ ಇಲಾಖೆ ತಡೆ ಹಾಕಬೇಕಾಯಿತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳ, ಸೇತುವೆಯ ನಿರ್ಮಾಣದಂತಹ ಕಾಮಗಾರಿಗಳ ಕಾರಣದಿಂದ 1999ರಲ್ಲಿ ಅಪಾಯಕ್ಕೀಡಾದ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು.

ವಾಣಿಜ್ಯಶಾಸ್ತ್ರದಲ್ಲಿ ಸವಕಳಿ ಎಂಬ ಒಂದು ಲೆಕ್ಕವಿದೆ. ಯಂತ್ರವು ಪ್ರತಿವರ್ಷ ಇಷ್ಟು ಸವೆಯುತ್ತದೆ ಎಂದು ಲಾಭದಿಂದ ಅಷ್ಟನ್ನು ತೆಗೆದಿಟ್ಟು, ಅದು ಹಾಳಾದಾಗ ಹೊಸದನ್ನು ಕೊಳ್ಳುತ್ತೇವೆ. ಹಂಪೆಯ ಸವಕಳಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಹೊಸದನ್ನು ಕೊಳ್ಳುವ ಮಾತೇ ಇಲ್ಲ. ಒಂದು ಕೈ ತಾಗಿದರೆ ಏನೂ ಆಗುವುದಿಲ್ಲವೆಂಬುದು ನಿಜ. ಆದರೆ ಕರ್ಮಸಿದ್ಧಾಂತವನ್ನು ಬಲ್ಲ ನಮಗೆ, ಒಂದೊಂದೇ ಕಣ ಬಂದು ಸೇರುವ ಆಸ್ರವದ ಬಗೆಯನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಎಣ್ಣೆ ಹಚ್ಚಿದ ಮೈಗೆ ಧೂಳು ಅಂಟುವ ದೃಷ್ಟಾಂತವನ್ನು ನಮ್ಮ ಗ್ರಂಥಗಳು ಕೊಡುತ್ತವೆ. ಕೈಯ ಜಿಡ್ಡಿನಿಂದ ಕಪ್ಪಾಗಿ ನುಣುಪಾದ ಕಂಬಗಳನ್ನು ಹಂಪೆಯಲ್ಲಿ ತೋರಿಸಿದರೆ ಮಕ್ಕಳಿಗೆ ಆ ದೃಷ್ಟಾಂತವು ಕಣ್ಣೆದುರಿಗೇ ಕಾಣುತ್ತದೆ.

ಹಾಗಾದರೆ ಹೋಗದಿರುವುದೇ ಲೇಸಲ್ಲವೇ? ನನಗೆ ಹಾಗೆ ಕಾಣುವುದಿಲ್ಲ. 2019ರಲ್ಲಿ ಕೆಲವು ಯುವಕರು ಹಂಪೆಯ ಒಂದು ದೇವಾಲಯದ ಬಳಿ ಕಂಬವನ್ನು ಕೈಯಿಂದ ನೂಕಿ ಉರುಳಿಸಿ, ಅದರ ಚಿತ್ರವನ್ನು ಲೋಕಕ್ಕೆಲ್ಲ ತೋರಿಸಿದರು. ಹೊಸಪೇಟೆಯ ನ್ಯಾಯಾಲಯವು ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿದ್ದಲ್ಲದೆ, ಕಂಬಗಳನ್ನು ಅವರಿಂದಲೇ ಮತ್ತೆ ನಿಲ್ಲಿಸುವಂತೆ ಮಾಡಿತು. ದಂಡದೊಡನೆ ಪ್ರಾಯಶ್ಚಿತ್ತವನ್ನೂ ಕೂಡಿಸಿದ ಆ ತೀರ್ಪು ನನ್ನ ಮನಸ್ಸಿಗೆ ಒಪ್ಪಿತು. ಆ ಯುವಕರು ಓದುಬರಹ ಬಾರದವರೇನಲ್ಲ. ಆದರೂ, ಮುಟ್ಟಬಾರದುದರ ಮುಂದೆ ಕೈಕಟ್ಟಿ ನಿಲ್ಲುವ ಅಭ್ಯಾಸ ಅವರಿಗೆ ಚಿಕ್ಕಂದಿನಲ್ಲಿ ಆಗಿರಲಿಲ್ಲ. ಇಪ್ಪತ್ತರಲ್ಲಿ ಕಲಿಸಲಾಗದುದನ್ನು ಎಂಟರಲ್ಲಿ ಕಲಿಸಬಹುದು. ಆದುದರಿಂದ ಸಮಿತಿಯಲ್ಲಿ ನಾವು ಮಾಡಿದ ನಿರ್ಣಯ ಹೀಗಿತ್ತು: ಹೋಗುವುದು, ಆದರೆ ಒಂದು ಬಾರಿಗೆ ಇಪ್ಪತ್ತೇ ಮಕ್ಕಳು, ಐದು ಮಕ್ಕಳಿಗೆ ಒಬ್ಬರು ಹಿರಿಯರು, ಉತ್ಸವದ ದಿನಗಳಲ್ಲಿ, ಸಾಲು ರಜೆಗಳಲ್ಲಿ ಹೋಗಕೂಡದು, ಹೊರಡುವ ಮೊದಲು ಎರಡು ಭಾನುವಾರ ಪಾಠ. ಮುನಿಗಳು ಜೀವರಕ್ಷಣೆಗಾಗಿ ಚಾತುರ್ಮಾಸದಲ್ಲಿ ವಿಹಾರವನ್ನೇ ನಿಲ್ಲಿಸುತ್ತಾರೆ. ಯಾವಾಗ ಹೋಗಬಾರದು ಎಂಬುದನ್ನು ತಿಳಿಯುವುದೂ ಯಾತ್ರೆಯ ಒಂದು ಅಂಗ.

ಐದು ಸಮಿತಿಗಳು

ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ, ಉತ್ಸರ್ಗ ಎಂಬ ಐದು ಸಮಿತಿಗಳು ಮುನಿಗಳಿಗೆ ವಿಧಿಸಿದವು. ಶ್ರಾವಕನು ತನ್ನ ಶಕ್ತಿಯಿದ್ದಷ್ಟು ಅವನ್ನು ಅನುಸರಿಸಬಹುದು. ಆ ಎರಡು ಭಾನುವಾರಗಳ ಪಾಠವನ್ನು ನಾವು ಇವುಗಳ ಮೇಲೆಯೇ ಕಟ್ಟಿದೆವು.

ಈರ್ಯಾ ಸಮಿತಿಯೆಂದರೆ ಮುಂದಿನ ನಾಲ್ಕು ಕೈ ನೆಲವನ್ನು ನೋಡಿ ನಡೆಯುವುದು. ಹಂಪೆಯಲ್ಲಿ ಇದರ ಅರ್ಥ ಬಹು ಸರಳ: ಕಾಲುದಾರಿಯನ್ನು ಬಿಡಬಾರದು, ಅಡಿಪಾಯದ ಕಲ್ಲುಗಳ ಮೇಲೆ ಹಾರಬಾರದು, ಕುಸಿದ ಗೋಡೆಯ ಮೇಲೆ ಹತ್ತಬಾರದು. ಓಡಬೇಡ ಎಂದರೆ ಮಗು ಕೇಳುವುದಿಲ್ಲ. ನಿನ್ನ ಮುಂದಿನ ನಾಲ್ಕು ಕೈ ನೆಲದಲ್ಲಿ ಏನೇನಿದೆ ಹೇಳು ಎಂದರೆ ತಾನಾಗಿಯೇ ನಿಧಾನಿಸುತ್ತದೆ. ಇರುವೆಯ ಸಾಲು, ಓತಿಕ್ಯಾತ, ಕಲ್ಲಿನಲ್ಲಿ ಕೊರೆದ ಚೌಕಾಬಾರದ ಮನೆ, ಬಂಡೆಯನ್ನು ಸೀಳಲು ಕಲ್ಲುಕುಟಿಗರು ಸಾಲಾಗಿ ಹೊಡೆದ ಉಳಿಯ ಗುಳಿಗಳು, ಇವೆಲ್ಲವನ್ನೂ ಮೊದಲು ಕಂಡವರು ಮಕ್ಕಳು, ನಾವಲ್ಲ.

ಆದಾನನಿಕ್ಷೇಪಣವೆಂದರೆ ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಚೀಲವನ್ನು ಕೆತ್ತನೆಗೆ ಒರಗಿಸಬಾರದು, ಕಂಬಕ್ಕೆ ಬೆನ್ನು ಕೊಡಬಾರದು, ಚಿತ್ರ ತೆಗೆಸಿಕೊಳ್ಳಲು ಶಿಲ್ಪದ ಮೇಲೆ ಕೈ ಇಡಬಾರದು. ಉತ್ಸರ್ಗ ಸಮಿತಿಯನ್ನು ಹೇಳಲು ಕೆಲವರು ಸಂಕೋಚಪಡುತ್ತಾರೆ; ಮಕ್ಕಳೊಡನೆ ಹೋಗುವವರಿಗೆ ಆ ಸಂಕೋಚ ಸಲ್ಲದು. ಎಲ್ಲೆಲ್ಲಿ ಶೌಚಾಲಯವಿದೆಯೆಂದು ಮೊದಲೇ ತಿಳಿದು, ಅದಕ್ಕೆ ತಕ್ಕಂತೆ ದಿನವನ್ನು ಹಂಚಿಕೊಳ್ಳಬೇಕು. ಹಾಳು ಮಂಟಪಗಳ ಹಿಂಭಾಗವು ಇಂದು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಕಂಡವರಿಗೆ ಈ ಮಾತಿನ ಅಗತ್ಯ ತಿಳಿದೇ ಇದೆ.

ಏಷಣಾ ಸಮಿತಿ ಆಹಾರಕ್ಕೆ ಸಂಬಂಧಿಸಿದುದು. ರಾತ್ರಿಭೋಜನ ತ್ಯಾಗವು ಇಲ್ಲಿ ನಮಗೆ ಬಹಳ ಅನುಕೂಲವಾಯಿತು. ಸೂರ್ಯೋದಯಕ್ಕೆ ಹೊರಡುವುದು, ಬಿಸಿಲೇರುವ ಮೊದಲು ನೋಡುವುದು, ಸೂರ್ಯಾಸ್ತಕ್ಕೆ ಮೊದಲು ಉಂಡು ವಿಶ್ರಮಿಸುವುದು, ಈ ಕ್ರಮ ಮಕ್ಕಳ ದೇಹಕ್ಕೂ ಊರಿನ ನೆಮ್ಮದಿಗೂ ಒಪ್ಪುತ್ತದೆ. ಸ್ಟೀಲಿನ ಡಬ್ಬಿಗಳಲ್ಲಿ ಅವಲಕ್ಕಿ, ಚಪಾತಿ, ಚಟ್ನಿಪುಡಿ. ಸ್ಟೀಲಿನ ತಂಬಿಗೆಗಳಲ್ಲಿ ಸೋಸಿ ಕಾಯಿಸಿದ ನೀರು. ಪ್ಲಾಸ್ಟಿಕ್ಕಿನ ಒಂದು ಬಾಟಲಿಯನ್ನೂ ನಾವು ಕೊಳ್ಳಲಿಲ್ಲ. ಬಾಟಲಿಯಿಲ್ಲದ ಮೇಲೆ ಬಿಸಾಡುವ ಪ್ರಶ್ನೆಯೂ ಇಲ್ಲ. ಬಾಳೆಹಣ್ಣು, ಎಳನೀರನ್ನು ಊರವರಿಂದಲೇ ಕೊಂಡೆವು. ಆ ತೋಟಗಳಿಗೆ ನೀರುಣಿಸುವ ತುರ್ತಾ ಕಾಲುವೆ ವಿಜಯನಗರದ ಕಾಲದ್ದು, ಇಂದಿಗೂ ಹರಿಯುತ್ತಿದೆ ಎಂದಾಗ ಒಬ್ಬ ಹುಡುಗ, ಹಾಗಾದರೆ ಹಂಪೆ ಪೂರ್ತಿ ಹಾಳಾಗಿಲ್ಲ ಎಂದನು. ಅವನ ಮಾತು ಸತ್ಯ. ಅಲ್ಲಿ ಪೂಜೆ ನಡೆಯುತ್ತಿದೆ, ಜನ ಬಾಳುತ್ತಿದ್ದಾರೆ. ವಿರೂಪಾಕ್ಷನ ಎದುರಿನ ಬೀದಿಯಲ್ಲಿ ಮಂಟಪಗಳ ನಡುವೆ ಮನೆ ಅಂಗಡಿಗಳನ್ನು ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಲಾಯಿತು. ಕಲ್ಲನ್ನು ಉಳಿಸುವ ಕಾರ್ಯದಲ್ಲಿ ಮನುಷ್ಯನಿಗೂ ನೋವಾಗುತ್ತದೆ ಎಂಬುದನ್ನು ಮಕ್ಕಳಿಂದ ಮರೆಮಾಡಬಾರದು. ನದಿಯಲ್ಲಿ ನೀರುನಾಯಿಗಳಿವೆ, ಅವುಗಳಿಗಾಗಿಯೇ 2015ರಲ್ಲಿ ತುಂಗಭದ್ರೆಯ ಒಂದು ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಹೊಳೆಯ ದಡದಲ್ಲಿ ನಮ್ಮ ಮಕ್ಕಳು ಕೂಗಾಡದೆ ಕುಳಿತದ್ದು ಆ ಕಾಣದ ಪ್ರಾಣಿಗಳ ಸಲುವಾಗಿ.

ಭಾಷಾ ಸಮಿತಿಯೇ ಎಲ್ಲಕ್ಕಿಂತ ಕಠಿಣ. ಭಗ್ನವಾದ ಶಿಲ್ಪವನ್ನು ಕಂಡ ಮಗು, ಇದನ್ನು ಯಾರು ಒಡೆದರು ಎಂದು ಕೇಳಿಯೇ ಕೇಳುತ್ತದೆ. ಉತ್ತರವಾಗಿ ಒಂದು ಹೆಸರನ್ನು ಹೇಳಿ ಮಗುವಿನ ಮನಸ್ಸಿನಲ್ಲಿ ದ್ವೇಷದ ಬೀಜವನ್ನು ಬಿತ್ತುವುದು ಬಹು ಸುಲಭ. ನಮ್ಮ ಶಾಸ್ತ್ರವು ಇದನ್ನು ಅಪಧ್ಯಾನ, ದುಃಶ್ರುತಿ ಎಂದು ಅನರ್ಥದಂಡದಲ್ಲಿ ಸೇರಿಸುತ್ತದೆ. ಹಾಗೆಂದು ಸುಳ್ಳನ್ನು ಹೇಳುವುದೂ ಸಲ್ಲದು. 1565ರ ಜನವರಿಯ ಯುದ್ಧದಲ್ಲಿ ದಕ್ಷಿಣದ ಸುಲ್ತಾನರ ಕೂಡುಸೈನ್ಯಕ್ಕೆ ವಿಜಯನಗರವು ಸೋತಿತು. ನಗರವು ತಿಂಗಳುಗಟ್ಟಲೆ ಸೂರೆಯಾಯಿತು, ಇದು ಸತ್ಯ. ಅದೇ ನಗರದಲ್ಲಿ ಎರಡನೆಯ ದೇವರಾಯನ ಅಧಿಕಾರಿಯಾಗಿದ್ದ ಅಹಮದ್ ಖಾನನು 1439ರಲ್ಲಿ ತನ್ನ ದೊರೆಯ ಪುಣ್ಯಕ್ಕಾಗಿ ಕಟ್ಟಿಸಿದ ಕಟ್ಟಡ ಇಂದಿಗೂ ನಿಂತಿದೆ, ಶಾಸನವು ಅದನ್ನು ಧರ್ಮಸಾಲೆ ಎನ್ನುತ್ತದೆ, ಇದೂ ಸತ್ಯ. ನಿಧಿಯ ಆಸೆಗೆ ವಿಗ್ರಹದ ಪೀಠವನ್ನು ಅಗೆದವರು ಯಾವ ಮತದವರೆಂದು ಕೇಳುವಂತಿಲ್ಲ. ಅವರ ಮತ ಲೋಭ. ಇವೆಲ್ಲವನ್ನೂ ಕೂಡಿಸಿ ಹೇಳುವುದು ಅನೇಕಾಂತ. ಒಡೆದವರು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ವರು, ಅವರು ನಮ್ಮೊಳಗೂ ಇದ್ದಾರೆ ಎಂದು ನಾನು ಮಕ್ಕಳಿಗೆ ಹೇಳಿದೆನು. ಅದು ಅವರಿಗೆ ಎಷ್ಟು ಅರ್ಥವಾಯಿತೋ, ಕಾಲವೇ ಹೇಳಬೇಕು.

ಸತ್ಯ ಮತ್ತು ಅಚೌರ್ಯ

ಹೇಮಕೂಟದ ಮೇಲಿನ ಮೆಟ್ಟಿಲು ಮೆಟ್ಟಿಲಾದ ಶಿಖರಗಳನ್ನು ನೋಡಿ ಅವು ಜೈನ ಬಸದಿಗಳೆಂದು ಹೇಳುವ ರೂಢಿ ಇದೆ. ನಮ್ಮವರೂ ಅಭಿಮಾನದಿಂದ ಹಾಗೆಯೇ ಹೇಳುತ್ತಾರೆ. ಅವು ಶಿವಾಲಯಗಳು, ಅವುಗಳಲ್ಲಿ ಒಂದನ್ನು ಕಂಪಿಲದೇವನು ಕಟ್ಟಿಸಿದನೆಂದು ಶಾಸನವೇ ಸಾರುತ್ತದೆ. ನಮ್ಮದಲ್ಲದುದನ್ನು ನಮ್ಮದೆನ್ನುವುದು ಸತ್ಯಾಣುವ್ರತಕ್ಕೂ ಅಚೌರ್ಯಾಣುವ್ರತಕ್ಕೂ ಏಕಕಾಲದಲ್ಲಿ ಕುಂದು. ಇರುಗಪ್ಪನ ಚೈತ್ಯಾಲಯ ನಮಗೆ ಸಾಲದೇ?

ಅಚೌರ್ಯದ ಪರೀಕ್ಷೆ ಪ್ರವೇಶದ ಬಾಗಿಲಿನಲ್ಲಿಯೇ ಆರಂಭವಾಗುತ್ತದೆ. ಕೇಂದ್ರದ ಪುರಾತತ್ತ್ವ ಇಲಾಖೆಯ ಸ್ಮಾರಕಗಳಿಗೆ ಹದಿನೈದು ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಹದಿನಾರು ತುಂಬಿದ ಮಗನಿಗೆ ಹದಿನಾಲ್ಕೆಂದು ಹೇಳಿ ತಂದೆಯೊಬ್ಬರು ಕೆಲವೇ ರೂಪಾಯಿಗಳನ್ನು ಉಳಿಸಿದುದನ್ನು ನಾನು ಸರದಿಯಲ್ಲಿ ನಿಂತು ಕಂಡೆನು. ಆ ಹುಡುಗ ಅಂದು ಕಲಿತ ವ್ಯಾಪಾರವನ್ನು ಮುಂದೆ ತನ್ನ ತಂದೆಯ ಮೇಲೆಯೇ ಪ್ರಯೋಗಿಸಬಹುದು.

ವಿಠ್ಠಲ ದೇವಾಲಯದ ಪ್ರಾಕಾರದಲ್ಲಿ ನಮ್ಮ ಗುಂಪಿನ ಒಂಬತ್ತು ವರ್ಷದ ಬಾಲಕಿಯೊಬ್ಬಳು ನೆಲದಲ್ಲಿ ಬಿದ್ದಿದ್ದ ಗಾರೆಯ ಚೂರೊಂದನ್ನು ಎತ್ತಿಕೊಂಡಳು. ಅದರ ಮೇಲೆ ಹೂವಿನ ಎಸಳಿನ ಗುರುತಿತ್ತು.

"ಅಜ್ಜ, ಇದು ಕೆಳಗೆ ಬಿದ್ದಿತ್ತು. ನಾನು ಕಿತ್ತದ್ದಲ್ಲ. ಮನೆಗೆ ಒಯ್ಯಲೇ?"

"ಕೆಳಗೆ ಬಿದ್ದದ್ದು ಯಾರದಮ್ಮ?"

"ಯಾರದೂ ಅಲ್ಲ."

"ನಮ್ಮ ಅಂಗಡಿಯ ಮುಂದೆ ಬಿದ್ದ ನಾಣ್ಯ ಯಾರದು?"

"ಬೀಳಿಸಿದವರದು."

ಅವಳು ಸ್ವಲ್ಪ ಹೊತ್ತು ಗೋಪುರವನ್ನು ನೋಡಿದಳು. ಬಳಿಕ ಚೂರನ್ನು ಎತ್ತಿದ ಜಾಗದಲ್ಲಿಯೇ ಇಡಲು ಹೋದಳು. ಹತ್ತಿರವಿದ್ದ ಕಾವಲುಗಾರನು ಅದನ್ನು ಕಂಡು, ತನ್ನ ಕೈಗೆ ಕೊಡಲು ಹೇಳಿ ತೆಗೆದುಕೊಂಡನು. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಕಳ್ಳತನವೆಂಬ ಸೂತ್ರದ ಅರ್ಥ ಅವಳಿಗೆ ಅಂದು ಆಯಿತು.

ಕೊರೆದ ಕಲ್ಲಿಗೆ ಜೀವವುಂಟೇ, ಅದನ್ನು ಗೀರಿದರೆ ಹಿಂಸೆ ಹೇಗಾದೀತು ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದನು. ಪ್ರಶ್ನೆ ಸರಿಯಾದುದೇ. ಗಣಿಯಲ್ಲಿರುವ ಶಿಲೆ ಪೃಥ್ವೀಕಾಯ; ಕಡಿದು ಬೇರ್ಪಡಿಸಿ ಕೆತ್ತಿದ ಶಿಲೆ ಅಚಿತ್ತ. ಆದರೂ ಪ್ರಯೋಜನವಿಲ್ಲದೆ ನೆಲವನ್ನು ಕೆರೆಯುವುದು, ನೀರನ್ನು ಚೆಲ್ಲುವುದು, ಎಲೆಯನ್ನು ಕೀಳುವುದು ಇವನ್ನು ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷೇಧಿಸಿದ್ದಾರೆ. ದೋಷವು ಕಲ್ಲಿನಲ್ಲಿ ಏನಾಯಿತೆಂಬುದರಲ್ಲಿ ಮಾತ್ರವಿಲ್ಲ. ಗೀರಿದವನ ಆತ್ಮದಲ್ಲಿ ಏನಾಯಿತೆಂಬುದರಲ್ಲಿದೆ. ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತುವವನು ಕೆತ್ತುವುದು ಮಾನಕಷಾಯವನ್ನು. ಇಷ್ಟು ದೊಡ್ಡ ನಗರವನ್ನು ಕಟ್ಟಿದ ಶಿಲ್ಪಿಗಳಲ್ಲಿ ಬಹುಪಾಲು ಜನರ ಹೆಸರು ನಮಗೆ ತಿಳಿಯದು. ಅದನ್ನು ಕೆಡಿಸಿದವರ ಹೆಸರುಗಳೋ, ಪ್ರೇಯಸಿಯರ ಹೆಸರುಗಳೊಡನೆ, ಗೋಡೆಯ ತುಂಬ ಇವೆ.

ಧರ್ಮದರ್ಶಿಗಳಲ್ಲಿ ಒಂದು ವಿನಂತಿ

ಇಷ್ಟನ್ನು ಮಕ್ಕಳಿಗೆ ಹೇಳಿದ ಮೇಲೆ ಹಿರಿಯರಾದ ನಾವು ನಮ್ಮ ಕೈಯನ್ನೊಮ್ಮೆ ನೋಡಿಕೊಳ್ಳಬೇಕು. ಹಂಪೆಯಲ್ಲಿ ಮುಟ್ಟಬೇಡ ಎಂದು ಕಲಿತ ಮಗು ತನ್ನ ಊರಿನ ಬಸದಿಗೆ ಹಿಂದಿರುಗಿದಾಗ ಏನನ್ನು ಕಾಣುತ್ತದೆ? ನಾಲ್ಕುನೂರು ವರ್ಷದ ಕಂಬಗಳಿಗೆ ಎಣ್ಣೆಬಣ್ಣ. ಶಾಸನಶಿಲೆಯ ಮೇಲೆ ಸುಣ್ಣ. ಹಳೆಯ ಗಾರೆಯ ಮೇಲೆ ಸಿಮೆಂಟಿನ ಲೇಪ. ನುಣುಪಾದ ಕಲ್ಲುಹಾಸನ್ನು ಮುಚ್ಚಿದ ಹೊಳೆಯುವ ಟೈಲ್ಸ್. ವಿದ್ಯುದ್ದೀಪಕ್ಕೆಂದು ತೊಲೆಯಲ್ಲಿ ಕೊರೆದ ರಂಧ್ರ. ಎಲ್ಲದರ ಮೇಲೆ ದಾನಿಗಳ ಹೆಸರಿನ ಅಮೃತಶಿಲೆಯ ಫಲಕ. ಗೋಡೆಯಲ್ಲಿ ಹೆಸರು ಕೆತ್ತಿದ ಹುಡುಗನಿಗೂ ನಮಗೂ ವ್ಯತ್ಯಾಸವೇನು ಎಂದು ಆ ಮಗು ಕೇಳಿದರೆ, ನಾವು ರಸೀದಿ ಕೊಟ್ಟು ಮಾಡಿದೆವು ಎಂದು ಉತ್ತರಿಸಬೇಕಾದೀತು. ಗಾರೆಯ ಗೋಡೆಯು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಗೋಡೆಯನ್ನು ಕೊಳೆಸುತ್ತದೆ. ಭಕ್ತಿಯಿಂದ ಮಾಡಿದರೂ ಪ್ರಮಾದವು ಪ್ರಮಾದವೇ.

ಇದಕ್ಕೆ ದಾರಿಯನ್ನು ನಮ್ಮ ಪೂರ್ವಿಕರೇ ತೋರಿಸಿದ್ದಾರೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ಬುಕ್ಕರಾಯನು ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಸಭೆಗಳಲ್ಲಿ ನಾವು ಈ ಭಾಗವನ್ನು ಮಾತ್ರ ಹೇಳಿ ನಿಲ್ಲಿಸುತ್ತೇವೆ. ಮುಂದಿನ ಭಾಗ ಲೆಕ್ಕಪತ್ರದ್ದು. ರಾಜ್ಯದಲ್ಲಿನ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳನ್ನು ಸರಿಪಡಿಸಬೇಕು. ಮೊದಲು ಕಾವಲು, ಆಮೇಲೆ ದುರಸ್ತಿ. ಹೊಸ ಕಟ್ಟಡದ ಮಾತೇ ಅಲ್ಲಿಲ್ಲ. ಶ್ರೀಮಂತನೊಬ್ಬನ ದೊಡ್ಡ ದಾನಕ್ಕೆ ಬದಲು ಪ್ರತಿ ಮನೆಯ ಒಂದು ಹಣ ಎಂಬ ಏರ್ಪಾಡಿನಲ್ಲಿರುವ ವಿವೇಕವನ್ನು ಲೆಕ್ಕ ಬಲ್ಲವರು ಗಮನಿಸಬೇಕು. ಎಲ್ಲರೂ ಕೊಟ್ಟದ್ದು ಎಲ್ಲರ ಹೊಣೆಯಾಗುತ್ತದೆ.

ಆದುದರಿಂದ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಮೂರು. ಪಾಠಶಾಲೆಯ ಮಕ್ಕಳನ್ನು ಇಂತಹ ಸ್ಥಳಗಳಿಗೆ ಕರೆದೊಯ್ಯಿರಿ. ಚಿಕ್ಕ ಗುಂಪಿನಲ್ಲಿ, ಪಾಠ ಹೇಳಿದ ಮೇಲೆ, ಜನದಟ್ಟಣೆಯಿಲ್ಲದ ದಿನಗಳಲ್ಲಿ. ಯಾತ್ರೆಯ ಖರ್ಚಿನ ಹತ್ತನೆಯ ಒಂದು ಭಾಗವನ್ನು ನಿಮ್ಮ ಸೀಮೆಯಲ್ಲಿ ಪೂಜೆಯಿಲ್ಲದೆ ಬಿದ್ದಿರುವ ಒಂದು ಹಳೆಯ ಬಸದಿಯ ಕಾವಲಿಗೆ ಎತ್ತಿಡಿರಿ. ಬಸದಿಯ ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು, ಅದು ಸಂರಕ್ಷಿತ ಸ್ಮಾರಕವಾಗಿರಲಿ ಇಲ್ಲದಿರಲಿ, ಗಾರೆಯ ಕೆಲಸ ಬಲ್ಲವರನ್ನೂ ಪುರಾತತ್ತ್ವ ಇಲಾಖೆಯವರನ್ನೂ ಕೇಳಿರಿ. ಕೇಳುವುದರಿಂದ ಆಗುವ ವಿಳಂಬ ಆರು ತಿಂಗಳಿನದು. ಕೇಳದೆ ಮಾಡಿದುದರ ನಷ್ಟವನ್ನು ತುಂಬಿಕೊಡುವ ಅವಧಿಯೇ ಇಲ್ಲ.

ಅಪರಿಗ್ರಹವೆಂದರೆ ಇರುವುದನ್ನು ಬಿಡುವುದು ಮಾತ್ರವಲ್ಲ. ಕಣ್ಣೆದುರಿಗಿರುವುದನ್ನು ನೋಡಿ ಸಂತೋಷಪಟ್ಟು, ಇದು ನನ್ನದಲ್ಲ, ನನ್ನ ಬಳಿಕ ಬರುವವರದು ಎಂದು ಬರಿಗೈಯಲ್ಲಿ ಹಿಂದಿರುಗುವುದೂ ಅಪರಿಗ್ರಹವೇ. ನಮ್ಮ ಮಕ್ಕಳು ಇಷ್ಟನ್ನು ಕಲಿತರೆ ಮುಂದಿನ ನೂರು ವರ್ಷಗಳ ತನಕ ನಮ್ಮ ಬಸದಿಗಳಿಗೆ ಕಾವಲುಗಾರರ ಕೊರತೆ ಇರಲಾರದು.